ಕೊಳವಳ್ಳಿಯ ವೈರ್‌ಲೆಸ್ ಸೆಟ್ಟು

ಆನ್‌ಲೈನ್‌ನಲ್ಲಿ ಕೊಂಡ ಹಳೆಯ ವೈರ್‌ಲೆಸ್ ಸೆಟ್ಟಿನ ಮುಚ್ಚಳ ತೆಗೆದಾಗ ಮೈಯುರಿಯಿತು. ಜಾಹೀರಾತಿನಲ್ಲಿ ‘ಒಮ್ಮೆಯೂ ಬಿಚ್ಚಿಲ್ಲ’ ಎಂದಿತ್ತು. ಒಳಗೆ ಯಾರೋ ಒರಟಾಗಿ ಬೆಸುಗೆ ಹಾಕಿ, ನಮ್ಮಂಥ ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೆ ಅನುಮತಿಯಿಲ್ಲದ ತರಂಗಾಂತರದಲ್ಲೂ ಮಾತಾಡುವಂತೆ ಮಾಡಿದ್ದರು. ಲೈಸೆನ್ಸ್ ಇರುವವನು ಇಂಥದ್ದನ್ನು ಇಟ್ಟುಕೊಳ್ಳಬಾರದು. ವಾಪಸು ಕೊಡಲು ಮಾರಿದವರ ಊರಾದ ಕೊಳವಳ್ಳಿಗೇ ಹೋದೆ.

ಮಾರಿದವರು ಅರವತ್ತು ದಾಟಿದ ರೈತ, ಜೈನ ಸಮುದಾಯದ ಗೌಡರೊಬ್ಬರು.

“ಇದು ಕಾನೂನಿಗೆ ವಿರುದ್ಧ, ಗೊತ್ತೇನ್ರೀ?” ಎಂದೆ.

“ನಂಗೇನು ಗೊತ್ತು ಸಾರ್. ಹೊಳೆ ಕಡೆ ಗದ್ದೆಗೆ ಆನೆ ಬತ್ತದೆ, ಅಲ್ಲಿ ಮೊಬೈಲ್ ರೇಂಜಿಲ್ಲ. ನನ್ ತಮ್ಮ ಅಟ್ಟಣೆ ಮೇಲೆ ಕಾವಲು ಕೂರ್ತಿದ್ದ. ಅವನೇ ಎರಡು ಸೆಟ್ಟು ತಂದು ಬೆಸೆದ. ಊಟ ಆಯ್ತಾ ಅಂತ ಇದ್ರಲ್ಲೇ ಕೇಳ್ತಿದ್ದೆ.”

“ಇನ್ನೊಂದು ಸೆಟ್ಟು?”

“ಅವನ ಜೊತೇಲೇ ಆನೆ ಕಾಲಡಿ ಹೋಯ್ತು.”

ಕೈಯಲ್ಲಿದ್ದ ಸೆಟ್ಟನ್ನು ಜಗಲಿಯ ಮೇಲಿಟ್ಟೆ. ಅವರೇ ಮುಂದುವರಿಸಿದರು: “ಸುಳ್ಳು ಬರೆದದ್ದು ತಪ್ಪು ಸಾರ್. ತಮ್ಮನ ವಿಷಯ ಬರೆಯೋಕೆ ಮನಸ್ಸು ಬರಲಿಲ್ಲ. ಮನೇಲಿದ್ರೆ ಬೆರಳು ತಾನಾಗೇ ಗುಂಡಿ ಒತ್ತುತ್ತೆ, ಅದಕ್ಕೇ ಮಾರಿದೆ. ದಯವಿಟ್ಟು ತಗೊಂಡು ಹೋಗಿ.”

ತಗೊಂಡು ಬಂದೆ. ನಿಯಮ ನಿಯಮವೇ, ಆ ಬೆಸುಗೆಯನ್ನು ಅಂದೇ ಕಿತ್ತೆ. ನಾನು ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸಕ್ಕೆ ಯಾರಾದರೂ ನನ್ನನ್ನು ಬೈಯಲಿ ಅನ್ನಿಸಿದ್ದು ಅದೊಂದೇ ಸಲ.