ಹಲ್ಲಿಯ ಬಣ್ಣ

‘ಸ್ವಲ್ಪ ಬ್ರೈಟ್ ಮಾಡು’ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಫೋಟೋ ಸ್ಟುಡಿಯೋದವರು ಹೇಳಲಿ, ಮದುವೆ ಆಲ್ಬಮ್ ಮಾಡಿಸುವವರು ಹೇಳಲಿ, ಟಿ.ವಿ. ರಿಪೇರಿಗೆ ಬಂದವನೇ ಹೇಳಲಿ, ನನ್ನ ಮುಖ ಗಂಟಾಗುತ್ತದೆ. ಇದಕ್ಕೆಲ್ಲ ಕಾರಣ ಒಂದು ಕಂಪ್ಯೂಟರ್ ಗೇಮು. ನಾವು ನಾಲ್ಕು ಜನ ವಿದ್ಯಾರ್ಥಿಗಳು ಸೇರಿ ಅದನ್ನು ಮಾಡಿದ್ದೆವು. ಅದರ ರಾಕ್ಷಸನನ್ನೂ ನಾಯಕಿಯನ್ನೂ ಬರೆದವಳು ನಾನು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಡಿಗ್ರಿ ಮುಗಿಸಿ ಮಲ್ಲೇಶ್ವರದಲ್ಲಿ ಒಂದು ಮಲ್ಟಿಮೀಡಿಯಾ ಕೋರ್ಸಿಗೆ ಸೇರಿದ್ದೆ. ಸಂಪಿಗೆ ರಸ್ತೆಯ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕ್ಲಾಸು. ಕೋರ್ಸಿನ ಕೊನೆಗೆ ಗುಂಪಾಗಿ ಒಂದು ಗೇಮ್ ಮಾಡಿ ಎಲ್ಲರೆದುರು ಆಡಿ ತೋರಿಸಬೇಕಿತ್ತು. ನಮ್ಮ ಗುಂಪಿನಲ್ಲಿ ಮೂವರು ಹುಡುಗರು, ನಾನೊಬ್ಬಳು. ಕುಮಾರ ಪಾರ್ಕಿನಿಂದ ಬೈಕಲ್ಲಿ ಬರುತ್ತಿದ್ದ ಒಬ್ಬ ತನ್ನನ್ನು ತಾನೇ ಲೀಡರ್ ಅಂತ ಕರೆದುಕೊಂಡ, ಉಳಿದಿಬ್ಬರು ತಲೆಯಾಡಿಸಿದರು. ಪ್ರೋಗ್ರಾಮ್ ಅವನದು, ಚಿತ್ರ ನನ್ನದು. ಕೆಲಸ ನಡೆಯುತ್ತಿದ್ದದ್ದು ಮಾತ್ರ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ. ಅಪ್ಪ ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದ ಕಂಪ್ಯೂಟರ್ ನಡುಮನೆಯಲ್ಲಿತ್ತು, ಅಮ್ಮ ಅಡುಗೆಮನೆಯಲ್ಲಿದ್ದಳು. ಹುಡುಗರು ತಪ್ಪದೆ ಬರುತ್ತಿದ್ದದ್ದು ಯಾವುದರ ಆಸೆಗೆ ಅಂತ ನನಗೆ ಈಗಲೂ ಅನುಮಾನ.

ಅಮ್ಮನ ಹತ್ತಿರ ಒಂದು ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಕಡಲೆಹಿಟ್ಟು ಇರುತ್ತಿತ್ತು. ಅದಕ್ಕೆ ಎರಡು ಕೆಲಸ. ಸಂಜೆ ಹುಡುಗರಿಗೆ ಈರುಳ್ಳಿ ಬಜ್ಜಿ, ಹೀರೇಕಾಯಿ ಬಜ್ಜಿ. ಬೆಳಿಗ್ಗೆ ನನ್ನ ಮುಖಕ್ಕೆ. ಹಾಲಿನ ಕೆನೆಯಲ್ಲಿ ಕಲಸಿ, ಚಿಟಿಕೆ ಅರಿಶಿನ ಹಾಕಿ, ಒಂದು ಬಟ್ಟಲಲ್ಲಿ ಬಚ್ಚಲಮನೆಯ ಗೂಡಿನಲ್ಲಿ ಇಟ್ಟಿರುತ್ತಿದ್ದಳು. ನಾನು ಮಿಡ್ಲ್ ಸ್ಕೂಲಿಗೆ ಬಂದಾಗಿನಿಂದ ಈ ಸೇವೆ ನಡೆದಿತ್ತು. ಇಷ್ಟು ವರ್ಷ ಉಜ್ಜಿದ್ದಕ್ಕೆ ಬಚ್ಚಲಿನ ಕಲ್ಲು ಬೆಳ್ಳಗಾಯಿತೇ ಹೊರತು ನಾನಾಗಲಿಲ್ಲ.

ನಾನು ಕಪ್ಪು. ಅಮ್ಮನೂ ಕಪ್ಪು, ಇಬ್ಬರದೂ ಒಂದೇ ಬಣ್ಣ. ನಮ್ಮ ನೆಂಟರಲ್ಲಿ ಯಾರೂ ಕಪ್ಪು ಅಂತ ಹೇಳುವುದಿಲ್ಲ, ‘ಬಣ್ಣ ಸ್ವಲ್ಪ ಕಮ್ಮಿ’ ಅನ್ನುತ್ತಾರೆ, ತಕ್ಕಡಿಯಲ್ಲಿಟ್ಟು ತೂಗಿದವರ ಹಾಗೆ. ಹೆಣ್ಣು ನೋಡಲು ಹೋದಾಗ ಅಪ್ಪನ ತಾಯಿ ಅಮ್ಮನನ್ನು ನೋಡಿ ‘ಕಪ್ಪಗಿದ್ರೂ ಲಕ್ಷಣವಾಗಿದಾಳೆ’ ಅಂದಿದ್ದರಂತೆ. ಅಮ್ಮ ಆ ಮಾತನ್ನು ಮೆಚ್ಚುಗೆ ಅಂತಲೇ ಇಟ್ಟುಕೊಂಡಿದ್ದಳು, ಮನೆಗೆ ಬಂದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು ಬೇರೆ. ಕೇಳಿದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತಿತ್ತು.

ಗೇಮಿಗೆ ರಾಕ್ಷಸ ಬೇಕು ಅಂದ ಕೂಡಲೇ ಹುಡುಗರು ಇಂಟರ್ನೆಟ್ಟಿನಿಂದ ಚಿತ್ರಗಳನ್ನು ಇಳಿಸಿಕೊಂಡು ಬಂದರು. ಕೊಂಬು, ಕೋರೆಹಲ್ಲು, ಕೆಂಪು ಕಣ್ಣು, ಕರೀ ಮೈ. ಎಲ್ಲಾ ಒಂದೇ ಅಚ್ಚು. “ಇದನ್ನ ನೋಡಿ ಯಾರು ಹೆದರ್ತಾರೆ? ಕಟ್ಟೋ ಮನೆ ಮುಂದೆ ದೃಷ್ಟಿಗೆ ನೇತಾಕೋ ಬೊಂಬೆ ಥರ ಇದೆ” ಅಂದೆ. ನಾನು ನಿಜವಾಗಿ ಹೆದರುತ್ತಿದ್ದದ್ದು ಒಂದಕ್ಕೇ, ಹಲ್ಲಿಗೆ. ನಮ್ಮ ನಡುಮನೆಯ ಟ್ಯೂಬ್‌ಲೈಟಿನ ಹಿಂದೆ ಒಂದು ದಪ್ಪ ಹಲ್ಲಿ ಸಂಸಾರ ಹೂಡಿತ್ತು. ಬೆಳಕು ಬಿದ್ದರೆ ಹೊಟ್ಟೆಯೊಳಗಿನ ಹುಳ ಕಾಣುವಷ್ಟು ಬಿಳಿಚಿಕೊಂಡ ಮೈ. ಸ್ಟೂಲ್ ಹಾಕಿಕೊಂಡು, ಮೈಯೆಲ್ಲ ಜುಮ್ಮೆನ್ನುತ್ತಿದ್ದರೂ, ಅದನ್ನೇ ನೋಡಿ ನೋಡಿ ಬರೆದೆ. ಅಗಲವಾದ ಬೆರಳ ತುದಿ, ರೆಪ್ಪೆಯಿಲ್ಲದ ಕಣ್ಣು, ಕುತ್ತಿಗೆಯ ಮಿಡಿತ. ನನ್ನ ರಾಕ್ಷಸ ಮನುಷ್ಯನ ಗಾತ್ರದವನು, ಹಳೇ ಮನೆಗಳ ಗೋಡೆಗೆ ಅಂಟಿಕೊಂಡು ಮೇಲಿನಿಂದ ಇಳಿಯುವವನು, ಬಿಸಿಲೇ ಕಾಣದವನು. ಅವನು ಮನೆಮನೆಯ ದೀಪ ನುಂಗುತ್ತಾನೆ. ನುಂಗಿದ ದೀಪಗಳು ಆ ತೆಳು ಬಿಳಿ ಹೊಟ್ಟೆಯೊಳಗೆ ಮಿಣಮಿಣ ಅನ್ನುವುದು ಹೊರಗೆ ಕಾಣುತ್ತದೆ. ಚಿತ್ರ ನೋಡಿ ಲೀಡರ್ ಕೂಡ “ಸೂಪರ್ ಗುರು” ಅಂದ.

ನಾಯಕಿ ಅಷ್ಟು ಸುಲಭಕ್ಕೆ ಬರಲಿಲ್ಲ. ಹಾಳೆಗಟ್ಟಲೆ ಬರೆದು ಹರಿದೆ. ಒಂದು ಮಧ್ಯಾಹ್ನ ಅದೇ ಹಲ್ಲಿ ಅಡುಗೆಮನೆಗೆ ನುಗ್ಗಿತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಡ್ಡಿಪೊರಕೆ ಎತ್ತಿ, ಒಂದು ಕಾಲು ಮುಂದಿಟ್ಟು ನಿಂತಳು. ಇವತ್ತು ತನ್ನ ಕತೆ ಮುಗಿಯಿತು ಅಂತ ಹಲ್ಲಿಗೂ ಗೊತ್ತಾಗಿತ್ತು. ಆ ನಿಲುವನ್ನೇ ಬರೆದೆ. ವಯಸ್ಸು ಕಡಿಮೆ ಮಾಡಿದೆ, ಸೀರೆ ಬಿಟ್ಟು ಚೂಡಿದಾರ ಹಾಕಿದೆ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದೆ. ಪೊರಕೆಯನ್ನು ಹಾಗೇ ಉಳಿಸಿಕೊಂಡೆ. ಮೈಬಣ್ಣಕ್ಕೆ ಕಿಟಕಿಯ ಹತ್ತಿರ ನನ್ನ ಕೈಯನ್ನೇ ಹಿಡಿದು ನೋಡಿದೆ. ಸುಮ್ಮನೆ ಕಪ್ಪು ಅನ್ನುವವರು ಯಾವತ್ತೂ ನೋಡಿರುವುದಿಲ್ಲ. ಮುಂಗೈಯಲ್ಲಿ ಬೆಲ್ಲದ ಪಾಕದ ಬಣ್ಣ, ಬೆರಳ ಗೆಣ್ಣಿನಲ್ಲಿ ನೇರಳೆ, ಬಿಸಿಲು ಬಿದ್ದ ಕಡೆ ತಾಮ್ರ. ಮೌಸ್ ಹಿಡಿದು ಆ ಬಣ್ಣಗಳನ್ನು ಹುಡುಕಲು ಒಂದು ವಾರವೇ ಹಿಡಿಯಿತು.

ಬಜ್ಜಿ ತಟ್ಟೆ ಹಿಡಿದು ಬಂದ ಅಮ್ಮ ಸ್ಕ್ರೀನ್ ನೋಡಿ ನಿಂತುಬಿಟ್ಟಳು.

“ಇವಳು ಯಾರೇ?”

“ಹೀರೋಯಿನ್.”

“ನಾನು ನಿಂತ್ಕೊಂಡಂಗೇ ನಿಂತಿದಾಳಲ್ಲೇ.”

“ನೀನೇ ಅದು.”

“ಥೂ, ಹೋಗೇ” ಅಂದಳು. ತಟ್ಟೆ ಇಟ್ಟು ಹೋದವಳು ಕೈ ಒರೆಸಿಕೊಳ್ಳುತ್ತಾ ಮತ್ತೆ ಬಂದು ನೋಡಿದಳು. ಸಂಜೆ ಅಪ್ಪ ಆಫೀಸಿನಿಂದ ಬಂದ ಕೂಡಲೇ, ಕಾಫಿಯನ್ನೂ ಕೊಡದೆ, ಕಂಪ್ಯೂಟರ್ ಮುಂದೆ ನಿಲ್ಲಿಸಿದಳು. “ಬಣ್ಣ ಕೂಡ ನಂದೇ ಹಾಕಿದಾಳೆ ನೋಡ್ರೀ” ಅಂದಳು. ಅಮ್ಮ ತನ್ನ ಬಣ್ಣದ ಬಗ್ಗೆ ನಗುನಗುತ್ತಾ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಹುಡುಗಿ ದೊಡ್ಡ ಪರದೆಯ ಮೇಲೆ, ಹತ್ತಾರು ಜನರ ಎದುರು, ಅದೇ ಬಣ್ಣದಲ್ಲಿ ನಿಲ್ಲಬೇಕು, ಅಮ್ಮ ಅದನ್ನು ಕೂತು ನೋಡಬೇಕು ಅನ್ನಿಸಿತು. ಆಮೇಲೆ ನನಗೆ ಮಾರ್ಕ್ಸು ಗೀರ್ಕ್ಸು ಯಾವುದೂ ಬೇಡವಾಗಿತ್ತು, ಇಷ್ಟೇ ಬೇಕಾಗಿತ್ತು.

ಲೀಡರ್ ಶುರು ಮಾಡಿದ. “ಹೀರೋಯಿನ್‌ನ ಸ್ವಲ್ಪ ಬ್ರೈಟ್ ಮಾಡು ಗುರು. ಬ್ಯಾಕ್‌ಗ್ರೌಂಡ್ ಡಾರ್ಕ್ ಇದೆ, ಎದ್ದು ಕಾಣಲ್ಲ.” ಸರಿ ಅಂತ ಬ್ಯಾಕ್‌ಗ್ರೌಂಡನ್ನೇ ತಿಳಿ ಮಾಡಿದೆ. ಹುಡುಗಿ ಚೆನ್ನಾಗಿ ಎದ್ದು ಕಂಡಳು. ಮತ್ತೆ ಬಂದ. “ಆದ್ರೂ ಯಾಕೋ ಹೀರೋಯಿನ್ ಥರ ಕಾಣ್ತಿಲ್ಲ.”

“ಹೀರೋಯಿನ್ ಥರ ಅಂದ್ರೆ ಯಾವ ಥರ?” ಅಂದೆ.

“ನಿಂಗೆ ಹೇಳಿದ್ದಲ್ಲ ಮಾರಾಯ್ತಿ, ಜನರಲ್ಲಾಗಿ ಹೇಳ್ದೆ.”

ಜನರಲ್ಲಾಗಿ! ನಾನು ಬಗ್ಗಲಿಲ್ಲ. ಕೊನೆಗೆ “ಸರಿ ಬಿಡು, ನಿನ್ನಿಷ್ಟ” ಅಂದು ಬಜ್ಜಿಗೆ ಕೈ ಹಾಕಿದ. ನಾನು ಪೆದ್ದಿ, ಗೆದ್ದೆ ಅಂದುಕೊಂಡೆ.

ನಮ್ಮ ಗೇಮಿನಲ್ಲಿ ಪ್ರತಿ ಪಾತ್ರಕ್ಕೂ ಬೇರೆಯಾಗಿ ಒಂದು ಬಣ್ಣದ ಪಟ್ಟಿ ಇತ್ತು. ಚಿತ್ರದೊಳಗೆ ಇರುತ್ತಿದ್ದದ್ದು ಬರೀ ಅಂಕಿಗಳು. ಒಂದು ಅಂತ ಇದ್ದ ಕಡೆಯೆಲ್ಲ ಪಟ್ಟಿಯ ಒಂದನೇ ಬಣ್ಣ ಬಂದು ಕೂರುತ್ತಿತ್ತು, ಎರಡು ಅಂತ ಇದ್ದ ಕಡೆ ಎರಡನೆಯದು. ಚಿತ್ರವನ್ನು ಮುಟ್ಟುವುದೇ ಬೇಡ, ಪಟ್ಟಿ ಬದಲಿಸಿದರೆ ಇಡೀ ಪಾತ್ರದ ಮೈಬಣ್ಣ ಬದಲಾಗುತ್ತಿತ್ತು. ಎರಡು ನಿಮಿಷದ ಕೆಲಸ. ಗೇಮ್ ತೋರಿಸುವ ಹಿಂದಿನ ದಿನ ಹುಡುಗರು ನಮ್ಮ ಮನೆಯಲ್ಲೇ ಕೂತು ಸಿ.ಡಿ. ಬರೆಯುತ್ತಿದ್ದರು. ಅವರಿಗೆ ಇನ್ನೊಂದು ಸಲ ಕಾಫಿ ಮಾಡಬೇಕು ಅಂತ ಅಮ್ಮ ನನ್ನನ್ನು ಕಾಫಿಪುಡಿಗೆ ಕಳಿಸಿದಳು. ನಾನು ಬರುವಷ್ಟರಲ್ಲಿ ಸಿ.ಡಿ. ರೆಡಿಯಾಗಿತ್ತು. ಲೀಡರ್ ಅದನ್ನು ಬ್ಯಾಗಿಗೆ ಹಾಕಿಕೊಂಡು, ಕಾಫಿ ಕುಡಿದು, “ಥ್ಯಾಂಕ್ಸ್ ಆಂಟಿ” ಅಂದು ಹೋದ.

ಮಲ್ಲೇಶ್ವರದಲ್ಲೇ ಒಂದು ಸಣ್ಣ ಹಾಲ್ ಹಿಡಿದಿದ್ದರು. ತಂದೆತಾಯಿಯರಿಗೂ ಕರೆ ಇತ್ತು. ಅಪ್ಪನಿಗೆ ರಜೆ ಸಿಗಲಿಲ್ಲ. ಅಮ್ಮ ಮದುವೆಗಳಿಗೆ ಮಾತ್ರ ಉಡುವ ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೊರಟಳು. “ಇಷ್ಟೆಲ್ಲ ಯಾಕಮ್ಮಾ?” ಅಂದರೆ, “ಸುಮ್ನಿರೇ, ನಾನೂ ಅದ್ರಲ್ಲಿದೀನಲ್ಲ” ಅಂದಳು.

ನಮ್ಮ ಸರದಿ ಬಂತು. ಹಾಲಿನ ದೀಪ ಆರಿಸಿದರು. ಪರದೆಯ ಮೇಲೆ ಹಳೇ ಮನೆಗಳ ಗಲ್ಲಿ, ಗಲ್ಲಿಯ ತುದಿಯಲ್ಲಿ ಪೊರಕೆ ಹಿಡಿದ ಹುಡುಗಿ. ಬೆಳ್ಳಗಿದ್ದಳು. ನಾನು ಹಲ್ಲಿಗೆ ಅಂತ ಕಲಸಿದ ಬಿಳಿಚು ಬಣ್ಣ ಅವಳ ಮುಖ, ಕೈ, ಕಾಲಿಗೆಲ್ಲ ಮೆತ್ತಿಕೊಂಡಿತ್ತು. ಪ್ರೊಜೆಕ್ಟರ್ ಕೆಟ್ಟಿದೆಯೇನೋ ಅಂದುಕೊಂಡೆ.

“ನಮ್ಮ ಹುಡುಗಿ ಯಾವಾಗ ಬರ್ತಾಳೆ?” ಅಂತ ಅಮ್ಮ ಕಿವಿಯಲ್ಲಿ ಕೇಳಿದಳು.

ಅಷ್ಟರಲ್ಲಿ ಗೋಡೆಯಿಂದ ರಾಕ್ಷಸ ಇಳಿದ. ಬೆಲ್ಲದ ಪಾಕ, ನೇರಳೆ ಗೆಣ್ಣು, ತಾಮ್ರ. ನನ್ನ ಕೈ ಗೋಡೆ ಹಿಡಿದು ಇಳಿಯುತ್ತಿತ್ತು. ಆ ಬಣ್ಣದಲ್ಲಿ ಹೊಟ್ಟೆಯ ದೀಪಗಳು ಕಾಣಲೇ ಇಲ್ಲ. ನಾನು ಕಷ್ಟಪಟ್ಟು ಮಾಡಿದ್ದ ರಾಕ್ಷಸನೇ ಕೆಟ್ಟುಹೋಗಿದ್ದ, ಪಟ್ಟಿಗಳನ್ನು ಅದಲುಬದಲು ಮಾಡಿದ್ದ ಲೀಡರ್ ಪುಣ್ಯಾತ್ಮನಿಗೆ ಅದೂ ಕಂಡಿರಲಿಲ್ಲ. ಬೆಳ್ಳಗಿರಬೇಕಾದವರು ಯಾರು, ಕಪ್ಪಗಿರಬೇಕಾದವರು ಯಾರು ಅನ್ನುವುದಷ್ಟೇ ಅವನಿಗೆ ಗೊತ್ತಿದ್ದದ್ದು.

“ಆ ಪೊರಕೆಯವಳೇ ಅಮ್ಮಾ” ಅಂದೆ.

ಅಮ್ಮ ಅವಳನ್ನು ನೋಡಿದಳು. ಆಮೇಲೆ ರಾಕ್ಷಸನನ್ನು ನೋಡಿದಳು. ಮಡಿಲಲ್ಲಿದ್ದ ಎರಡೂ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಆ ಕತ್ತಲಲ್ಲಿ ಯಾರಿಗೂ ಅವಳ ಕೈ ಕಾಣುತ್ತಿರಲಿಲ್ಲ, ಆದರೂ ಎಳೆದುಕೊಂಡಳು. ಪರದೆಯ ಮೇಲೆ ಹುಡುಗಿ ಪೊರಕೆ ಬೀಸಿದಳು, ರಾಕ್ಷಸ ಅಂಗಾತ ಬಿದ್ದ, ಹಾಲಿನ ತುಂಬ ಚಪ್ಪಾಳೆ. ತೀರ್ಪುಗಾರರಾಗಿ ಬಂದಿದ್ದ ಹಿರಿಯರೊಬ್ಬರು ಮೈಕ್ ಹಿಡಿದು, “ರಾಕ್ಷಸ ಬಹಳ ಚೆನ್ನಾಗಿ ಬಂದಿದಾನೆ, ನೋಡಿದ್ರೇನೇ ಭಯ ಆಗತ್ತೆ” ಅಂದರು.

ಹಿಂದಿನ ಬಾಗಿಲ ಹತ್ತಿರ ಕಾಫಿ, ಬೋಂಡಾ ಇಟ್ಟಿದ್ದರು. ಲೀಡರ್ ಅಲ್ಲಿ ಸಿಕ್ಕ.

“ಯಾಕೋ ಬಣ್ಣ ಬದಲಾಯಿಸ್ದೆ?”

“ಅಯ್ಯೋ, ಅದಾ? ಹೀಗೇ ಚೆನ್ನಾಗಿದೆ ಅಂತ ಎಲ್ರೂ ಅಂದ್ರು. ಜಡ್ಜೇ ನಿನ್ ರಾಕ್ಷಸನ್ನ ಹೊಗಳಿದ್ರಲ್ಲ, ಖುಷಿ ಪಡೋದು ಬಿಟ್ಟು...”

ನಾನು ಕೂಗಾಡಿದೆ. ಹೊಟ್ಟೆಯ ದೀಪದ ಬಗ್ಗೆ, ನನ್ನ ಒಂದು ವಾರದ ಕೆಲಸದ ಬಗ್ಗೆ, ನನ್ನನ್ನು ಕೇಳದೆ ಮುಟ್ಟಿದ್ದರ ಬಗ್ಗೆ. ಹೇಳಬೇಕಾಗಿದ್ದ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಸಿಟ್ಟು ಬಂದರೆ ನನಗೆ ಜೊತೆಗೇ ಅಳುವೂ ಬಂದುಬಿಡುತ್ತದೆ, ಹಾಳಾದ್ದು. ಅವನು ಉಳಿದಿಬ್ಬರ ಕಡೆ ನೋಡಿ ನಕ್ಕ. “ಕೂಲ್ ಗುರು, ಬರೀ ಗೇಮ್ ತಾನೆ?” ಅಂದ.

ಅಮ್ಮ ಹಿಂದಿನಿಂದ ಬಂದು ನಿಂತದ್ದು ಆಗ. “ನಮಸ್ತೆ ಆಂಟಿ” ಅಂದ. ಅಮ್ಮ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು, ಬಳೆ ಹಿಂದಕ್ಕೆ ಸರಿಸಿ, ಅವನ ಮುಖದ ಮುಂದೆ ಹಿಡಿದಳು. ಧ್ವನಿ ಎತ್ತಲಿಲ್ಲ.

“ಇಷ್ಟು ದಿನ ಈ ಕೈಯಲ್ಲೇ ಅಲ್ವೇನಪ್ಪಾ ನಿಂಗೆ ಬಡಿಸಿದ್ದು? ಆವಾಗ ಭಯ ಆಗ್ಲಿಲ್ವಾ?”

ಅವನ ಬಾಯಲ್ಲಿ ಬೋಂಡಾ ಇತ್ತು. ಬಹಳ ಹೊತ್ತು ಅದು ಅಲ್ಲೇ ಇತ್ತು. “ಹಂಗಲ್ಲ ಆಂಟಿ...” ಅಂದ. ಉಳಿದಿಬ್ಬರು ತಮ್ಮ ಕಾಫಿ ಲೋಟದೊಳಗೆ ನೋಡುತ್ತಾ ನಿಂತರು. “ಬಾರೇ, ಮನೆಗೆ ಹೋಗೋಣ” ಅಂದಳು ಅಮ್ಮ.

ಆಟೋದಲ್ಲಿ ಅಮ್ಮ “ಅದನ್ನ ಸರಿ ಮಾಡಕ್ಕೆ ಬರತ್ತಾ?” ಅಂತ ಕೇಳಿದಳು.

“ಎರಡು ನಿಮಿಷ ಸಾಕು.”

“ಮಾಡು.”

ಮನೆಗೆ ಬಂದು, ರೇಷ್ಮೆ ಸೀರೆಯಲ್ಲೇ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಪಟ್ಟಿಗಳನ್ನು ಅದಲುಬದಲು ಮಾಡಿ ಗೇಮ್ ಹಾಕಿದೆ. ಹುಡುಗಿ ತನ್ನ ಬಣ್ಣದಲ್ಲಿ ನಿಂತಳು, ಹಲ್ಲಿಯ ಹೊಟ್ಟೆಯಲ್ಲಿ ದೀಪಗಳು ಹತ್ತಿಕೊಂಡವು. ಅಮ್ಮ ಕೊನೆಯವರೆಗೂ ನೋಡಿದಳು. ನೋಡಿದ್ದು ನಾವಿಬ್ಬರೇ. ಕ್ಲಾಸಿನಲ್ಲಿ ಉಳಿದದ್ದು, ಹೊಸದಾಗಿ ಸೇರಿದವರಿಗೆಲ್ಲ ತೋರಿಸುತ್ತಿದ್ದದ್ದು ಅವನ ಸಿ.ಡಿ.ಯೇ. ಅದರ ಮೇಲೆ ಚಿತ್ರ ಬರೆದವಳು ಅಂತ ನನ್ನ ಹೆಸರು ಇತ್ತು.

ಮಾರನೆಯ ಬೆಳಿಗ್ಗೆ ಬಚ್ಚಲಮನೆಗೆ ಹೋದರೆ ಗೂಡಿನಲ್ಲಿ ಬಟ್ಟಲು ಕೂತಿತ್ತು. ಕೆನೆ, ಕಡಲೆಹಿಟ್ಟು, ಚಿಟಿಕೆ ಅರಿಶಿನ. ಅಷ್ಟೆಲ್ಲ ಆದ ಮೇಲೂ! ಆ ಹುಡುಗನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಬಂತು. ಬಟ್ಟಲನ್ನು ತಂದು ಅಡುಗೆಕಟ್ಟೆಯ ಮೇಲೆ ಕುಕ್ಕಿದೆ.

“ಇದನ್ನ ಯಾಕೆ ಇಟ್ಟೆ?”

ಅಮ್ಮ ಬಟ್ಟಲನ್ನು ನೋಡಿದಳು, ಯಾರೋ ಇಟ್ಟು ಹೋದದ್ದನ್ನು ನೋಡಿದ ಹಾಗೆ. “ಕೈಗೆ ಅಭ್ಯಾಸ ಆಗೋಗಿದೆ ಕಣೇ” ಅಂದಳು. ಬೆರಳಲ್ಲಿ ಒಂದು ಸಲ ಕಲಕಿದಳು. “ಕೆನೆ ಹಾಕ್ಬಿಟ್ಟಿದೀನಿ, ಇನ್ನು ಬಜ್ಜಿಗೂ ಬರಲ್ಲ.”

ನಲ್ಲಿ ತಿರುಗಿಸಿ ಅಷ್ಟನ್ನೂ ಮೋರಿಗೆ ಸುರಿದಳು. ಬಟ್ಟಲು ತೊಳೆದು ಬೋರಲು ಹಾಕಿದಳು. ಅವಳ ಬೆರಳುಗಳಿಗೆ ಹಿಟ್ಟು ಹಳದಿಯಾಗಿ ಮೆತ್ತಿಕೊಂಡಿತ್ತು. ನೀರಿನ ಕೆಳಗೆ ಹಿಡಿದು, ಕೈ ತನ್ನ ಬಣ್ಣಕ್ಕೆ ಬರುವವರೆಗೂ ಉಜ್ಜಿ ತೊಳೆದಳು.