ಉಳ್ಳಾಗಡ್ಡಿ ದರ ಮತ್ತು ನಮ್ಮ ಕಾನೂನು ಮೇಷ್ಟ್ರು

ನಮ್ಮ ಕಾನೂನು ಮೇಷ್ಟ್ರ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದಿರುತ್ತಿತ್ತು. ಯಾರಾದರೂ ಮನಸ್ಸಿಗೆ ನಾಟುವಂಥ ಮಾತಾಡಿದರೆ ತೋರುಬೆರಳಿನಿಂದ ಅದನ್ನು ಮೇಲೆತ್ತಿ ಹಿಡಿದು, ಎರಡೂ ಕಣ್ಣಿಂದ ನೋಡುತ್ತಿದ್ದರು. ಮೂರು ವರ್ಷ ಅವರೆದುರು ಕೂತ ನನ್ನನ್ನು ಹಾಗೆ ನೋಡಿದ್ದು ಒಂದೇ ಸಲ. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ವ್ಯಾಪಾರಿಗಳು ಒಳಗೊಳಗೇ ಕೂಡಿ ದರ ಕಟ್ಟುವುದನ್ನು ತಡೆಯುವ ಹೊಸ ಸ್ಪರ್ಧಾ ಕಾನೂನಿನ ಮಾತು ದೆಹಲಿಯಲ್ಲಿ ನಡೆದಿತ್ತು. ನೆರೆಯ ದೇಶಗಳೆಲ್ಲ ಸೇರಿ ಮಾಡಿಕೊಳ್ಳುವ ವ್ಯಾಪಾರ ಒಪ್ಪಂದಕ್ಕೆ ಅದು ಹೊಂದಿಕೊಳ್ಳಬೇಕು ಎಂಬುದು ಮೇಷ್ಟ್ರ ಹಟ. ಅದಕ್ಕಾಗಿ ದೊಡ್ಡ ವರದಿ ಬರೆಯುತ್ತಿದ್ದರು. ಒಪ್ಪಿಗೆಯಾದರೆ ದೆಹಲಿಯ ಸಮಿತಿಯೆದುರು ಓದುವ ಅವಕಾಶವಿತ್ತು. ಬಳ್ಳಾರಿಯಾಚೆ ಎಂದೂ ಭಾಷಣ ಮಾಡದ ಮನುಷ್ಯ ಕೋಟು ಹೊಲಿಸಿದ್ದರು. ನಾವು ಬಾಯಿ ಮುಚ್ಚಿಕೊಂಡು ನಕ್ಕಿದ್ದೆವು.

"ನಮ್ಮ ಕೊಟ್ಟೂರು ಉಳ್ಳಾಗಡ್ಡಿ ಕೊಲಂಬೊಕ್ಕ ಹೋಗ್ತೈತಿ ನೋಡ್ರಿ," ಎನ್ನುತ್ತಿದ್ದರು. "ನಾಕು ಮಂದಿ ಕೂಡಿ ದರ ಕಟ್ಟಿದ್ರ ಇಲ್ಲಿ ರೈತಗೂ ಪೆಟ್ಟು, ಅಲ್ಲಿ ಕೊಳ್ಳಾಕಿಗೂ ಪೆಟ್ಟು. ಮಾಲು ಗಡಿ ದಾಟ್ತೈತಿ, ಕಾನೂನು ಯಾಕ ದಾಟಬಾರದು?"

ಅಂಥ ಕೂಟ ಹೇಗಿರುತ್ತದೆಂದು ವಿವರಿಸುತ್ತಿದ್ದ ದಿನ ನಾನು ಎದ್ದು ನಿಂತೆ.

"ಸರ್, ನಮ್ಮನ್ಯಾಗ ಸಂತಿ ದಿನ ಮುಂಜಾನಿ ಹಂಗ ಕೂಡ್ತಾರ್ರಿ."

ಅಪ್ಪ ಉಳ್ಳಾಗಡ್ಡಿ ಖರೀದಿದಾರ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಖರೀದಿದಾರರೂ ಹರಾಜಿಗೆ ಮೊದಲು ನಮ್ಮ ಪಡಸಾಲೆಯಲ್ಲಿ ಮಂಡಕ್ಕಿ ತಿನ್ನುತ್ತ, ಇವತ್ತು ಯಾರು ಎಷ್ಟರ ಮೇಲೆ ಕೂಗಬಾರದು ಎಂದು ಮಾತಾಡಿಕೊಳ್ಳುತ್ತಿದ್ದರು. ಅದು ದೊಡ್ಡವರ ಮರ್ಯಾದೆ ಎಂದೇ ತಿಳಿದಿದ್ದೆ. ಯಾರ ನಡುವೆಯೂ ಜಗಳ ಬಾರದಂತೆ ನೋಡಿಕೊಳ್ಳುವ ಅಪ್ಪನ ಬಗ್ಗೆ ನನಗೆ ಹೆಮ್ಮೆಯಿತ್ತು. ಮೇಷ್ಟ್ರ ಬೆರಳು ರೆಪ್ಪೆಗೆ ಹೋದದ್ದು ಆಗಲೇ.

ಊರು, ಹೆಸರು ಬಿಟ್ಟು ಅದನ್ನು ವರದಿಯಲ್ಲಿ ಬರೆದರು. ಆದರೆ ವರದಿ ಅಂಚೆಗೆ ಬೀಳುವಷ್ಟರಲ್ಲಿ ನನ್ನ ಮಾತು ಊರಿನ ಚಹಾದಂಗಡಿ ಮುಟ್ಟಿತ್ತು. ಅಪ್ಪ ಇನ್ನಿಬ್ಬರು ಖರೀದಿದಾರರ ಜೊತೆ ಪ್ರಾಂಶುಪಾಲರ ಕೋಣೆಗೆ ಬಂದರು. ನನ್ನನ್ನೂ ಕರೆಸಿದರು. ಮೇಷ್ಟ್ರು ಗೋಡೆಯ ಪಕ್ಕ ನಿಂತಿದ್ದರು.

"ಇವ್ರಿಗೆ ನೀ ಹೇಳಿದ್ಯೇನವ್ವಾ?" ಅಪ್ಪ ಕೇಳಿದರು.

"ಇಲ್ಲಪ್ಪ."

ಮೇಷ್ಟ್ರು ನನ್ನ ಕಡೆ ತಿರುಗಲೂ ಇಲ್ಲ. "ಹುಡುಗಿ ಏನೂ ಹೇಳಿಲ್ರಿ. ನಾನ ಕಟ್ಟಿ ಬರದೀನಿ," ಎಂದರು.

ಪ್ರಾಂಶುಪಾಲರು ಅದನ್ನೇ ದೆಹಲಿಗೆ ತಿಳಿಸಿದರು. ಅಲ್ಲಿಂದ ಕರೆ ಬರಲಿಲ್ಲ. ಆ ಕೋಟು ಮೇಷ್ಟ್ರ ಮೈಮೇಲೆ ಯಾರೂ ಕಾಣಲಿಲ್ಲ. ಮರುದಿನ ತರಗತಿಯಲ್ಲಿ ಎಂದಿನಂತೆ ನನಗೇ ಮೊದಲ ಪ್ರಶ್ನೆ ಕೇಳಿದರು. "ಓದವ್ವಾ, ನಿನಗ ತಲಿ ಐತಿ," ಎಂದರು. ಒಂದು ಸಲ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಓದಿದೆ. ಕೂಡ್ಲಿಗಿಯಲ್ಲಿ ವಕೀಲೆಯಾದೆ. ಅಷ್ಟರಲ್ಲಿ ಹೊಸ ಕಾನೂನೂ ಬಂತು. ಅದರಲ್ಲೊಂದು ವಿಧಿಯಿದೆ: ದರ ಕಟ್ಟುವ ಕೂಟದೊಳಗಿಂದ ಎದ್ದು ಬಂದು ಮೊದಲು ನಿಜ ಹೇಳಿದವರಿಗೆ ದಂಡ ಕಡಿಮೆ. ಅದನ್ನು ಓದಿ ನನಗೆ ಕೂರಲಾಗಲಿಲ್ಲ. ಮೇಷ್ಟ್ರೆದುರು ತಪ್ಪು ಒಪ್ಪಿಕೊಳ್ಳಲು ಆ ಮಧ್ಯಾಹ್ನವೇ ಕೊಟ್ಟೂರಿನ ಬಸ್ಸು ಹತ್ತಿದೆ.

ಬಾಗಿಲು ತೆರೆದದ್ದು ಮೇಷ್ಟ್ರ ಹೆಂಡತಿ. ಮೇಷ್ಟ್ರು ತೀರಿಕೊಂಡು ಹನ್ನೊಂದು ದಿನವಾಗಿತ್ತು. ಆಕೆ ಚಹಾ ತಂದಿಟ್ಟು ಎದುರು ಕೂತರು.

"ನಿನ್ನ ಭಾಳ ನೆನಸ್ತಿದ್ರವ್ವಾ," ಎಂದರು. "ಆದ್ರ ಆ ವರದ್ಯಾಗ ಅಂಥಾ ಸುಳ್ಳು ಯಾಕ ಬರದ್ರೋ, ಕಡೀತನಕ ನನಗೂ ಹೇಳಲಿಲ್ಲ. ನಿನಗರ ಗೊತ್ತೈತೇನು?"

"ಇಲ್ರಿ ಅಮ್ಮಾ," ಎಂದೆ.