ಗೊರಕೆ ಕಳ್ಳ

ಓಣಿಯವರೆಲ್ಲ ಅವನನ್ನು ಬೀಗಣ್ಣ ಎನ್ನುತ್ತಿದ್ದರು. ಬೀಗದಂಗಡಿಯ ಸಂಬಳದಾಳು; ಸಂಬಳ ಅಂಗೈಯಗಲ, ಬಾಯಿ ಊರಗಲ. ಗಿರಾಕಿ ಸಣ್ಣ ಬೀಗ ಕೈಗೆತ್ತಿಕೊಂಡರೆ ಸಾಕು, ದನಿ ತಗ್ಗಿಸುವನು: “ಅಕ್ಕ, ಗೊರಕೆ ಕಳ್ಳನ ವಿಷಯ ಗೊತ್ತಿಲ್ವಾ? ಗೋಡೆಗೆ ಕಿವಿ ಇಟ್ಟು ಕೇಳ್ತಾನಂತೆ. ಗೊರಕೆ ಶುರುವಾದ ಮನೆಗೇ ನುಗ್ಗೋದಂತೆ.”

ಅಂಥ ಕಳ್ಳ ಎಲ್ಲೂ ಇರಲಿಲ್ಲ. ಒಂದು ಮಧ್ಯಾಹ್ನ ತೂಕಡಿಸುವಾಗ ಇವನ ತಲೆಯಲ್ಲೇ ಹುಟ್ಟಿದವನು. ದೊಡ್ಡ ಬೀಗಗಳು ಮಾತ್ರ ನಿಜವಾಗಿಯೂ ಖರ್ಚಾದವು.

ಸುದ್ದಿ ಬಾಯಿಂದ ಬಾಯಿಗೆ, ಫೋನಿನಿಂದ ಫೋನಿಗೆ ಹಾರಿ ಇವನ ಮನೆಗೇ ಬಂತು. ಅಷ್ಟರಲ್ಲಿ ಕಳ್ಳನಿಗೆ ಮೀಸೆ ಮೂಡಿತ್ತು, ಕಾಲಿಗೆ ಹಸಿರು ಚಪ್ಪಲಿ ಬಂದಿತ್ತು. ಬೀಗಣ್ಣನಿಗೇ ಅಳುಕು ಹತ್ತಿತು. ತಾನು ಚಪ್ಪಲಿಯ ಮಾತೇ ಎತ್ತಿರಲಿಲ್ಲ. ಯಾರೋ ಕಣ್ಣಾರೆ ಕಂಡೇ ಇರಬೇಕು.

ಅದೇ ವಾರ ತಂಗಿಗೆ ಔಷಧಿ ಅಂಗಡಿಯಲ್ಲಿ ಸಂಜೆ ಪಾಳಿಯ ಕೆಲಸ ಸಿಕ್ಕಿತು. ನಾಳೆಯೇ ಸೇರಬೇಕು, ಇಲ್ಲವಾದರೆ ಬೇರೆಯವರ ಪಾಲು.

“ಬೇಡ,” ಎಂದಳು ಅಮ್ಮ. “ಆ ಹಸಿರು ಚಪ್ಪಲಿಯವನು ಓಡಾಡ್ತಿರುವಾಗ ಕತ್ತಲಲ್ಲಿ ಒಬ್ಬಳೇ ಬರ್ತೀಯಾ?”

“ಪೊಲೀಸರಿದ್ದಾರಲ್ಲಮ್ಮ.”

“ಇದ್ದಾರೆ. ಸೈಕಲ್ ಕಳುವಾದಾಗ ನಿಮ್ಮಪ್ಪನ್ನೇ ಬೈದು ಕಳಿಸಿದ್ರು.”

ತಂಗಿಯ ಮುಖ ಬಾಡಿತು. ಬೀಗಣ್ಣ ಗಂಟಲು ಸರಿಮಾಡಿಕೊಂಡ. “ಅಮ್ಮ, ಆ ಕಳ್ಳನ್ನ ಹುಟ್ಟಿಸಿದ್ದೇ ನಾನು.”

“ಸುಮ್ನಿರೋ. ನಿನ್ನ ತಲೆಗೆ ಅಷ್ಟೆಲ್ಲ ಎಲ್ಲಿ ಹೊಳೆಯುತ್ತೆ?”

ಇನ್ನು ನಿಜ ಹೇಳಿ ಫಲವಿಲ್ಲವೆಂದು ತಂಗಿಗೆ ಅರ್ಥವಾಯಿತು. “ಅಮ್ಮ, ಅವನು ಬರೋದು ಗೊರಕೆ ಕೇಳಿ ತಾನೆ? ದಾರೀಲಿ ನಡೆಯೋರು ಗೊರಕೆ ಹೊಡೀತಾರಾ? ಅಪಾಯ ಇರೋದು ಮನೇಲಿ. ಅಣ್ಣನ ಗೊರಕೆಗೆ ಪಕ್ಕದ ಮನೆ ಪಾತ್ರೆ ಅಲ್ಲಾಡುತ್ತೆ.”

ಅಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹೌದಲ್ಲೇ. ನೀನು ಕೆಲಸಕ್ಕೆ ಹೋಗು. ಇವನು ಅಂಗಡೀಲೇ ಮಲಗಲಿ.”

ಅಂಗಡಿ ಯಜಮಾನರು ಪುಕ್ಕಟೆ ಕಾವಲು ಸಿಕ್ಕಿತೆಂದು ಕೂಡಲೇ ಒಪ್ಪಿದರು.

ಮರುದಿನ ಮುಸ್ಸಂಜೆ ತಂಗಿ ಮುಂದೆ, ಚಾಪೆ ದಿಂಬು ಹೊತ್ತ ಅಣ್ಣ ಹಿಂದೆ. ತಿರುವಿನ ಬೀದಿದೀಪ ಕೆಟ್ಟು ತಿಂಗಳುಗಳಾಗಿದ್ದವು. ಅಲ್ಲಿಂದ ಇಬ್ಬರ ದಾರಿಯೂ ಬೇರೆ. ಬೀಗಣ್ಣ ನಿಂತ.

“ಲೇ, ನಿನ್ನ ಕೆಲಸಕ್ಕೆ ಇನ್ನೂ ಹೊತ್ತಿದೆ ಅಲ್ವಾ?”

“ಯಾಕೋ?”

“ಏನಿಲ್ಲ. ಅಂಗಡಿವರೆಗೆ ನನ್ನ ಬಿಟ್ಟು ಹೋಗೇ.”

ತಂಗಿ ದಿಂಬು ಇಸಿದುಕೊಂಡು, ಅವನ ಕೈ ಹಿಡಿದು ನಡೆದಳು.